ಬಿಸಿನೀರಿನ ಗಡಿಯಾರ

ರಾಜರ ವಂಶಾವಳಿಗಳನ್ನೂ ಯುದ್ಧಗಳ ತಾರೀಖುಗಳನ್ನೂ ಸಂಗ್ರಹಿಸುವುದರಲ್ಲಿ ಇತಿಹಾಸಕಾರರು ತೋರಿಸುವ ಶ್ರದ್ಧೆಯು ಮನೆಯ ಮೂಲೆಯಲ್ಲಿರುವ ಸಣ್ಣ ಯಂತ್ರಗಳ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಆದರೆ ಜನರ ನಿತ್ಯಜೀವನವು ಇಂದು ನಡೆಯುವುದು ಇಂತಹ ಯಂತ್ರಗಳ ಆಶ್ರಯದಲ್ಲಿಯೇ. ಬ್ರಿಟನ್ನಿನ ಮನೆಗಳಲ್ಲಿ ನೀರು ಯಾವ ಹೊತ್ತಿಗೆ ಕಾಯತಕ್ಕುದೆಂಬುದನ್ನು ಗೊತ್ತುಮಾಡುವ ಕಾಲನಿಯಾಮಕವೆಂಬ ಪೆಟ್ಟಿಗೆಯೊಂದುಂಟು. ಅದು ಹೇಗೆ ಹೇಗೆ ಬದಲಾಯಿತೆಂಬುದನ್ನೂ, ಆ ಬದಲಾವಣೆಯಲ್ಲಿ ಹೊತ್ತಿನ ಒಡೆತನವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಪೆಟ್ಟಿಗೆಯ ಪೂರ್ವಜರು ಬೀದಿಯಲ್ಲಿದ್ದವರು. ಇಂಗ್ಲೆಂಡಿನ ಅನಿಲದೀಪಗಳನ್ನು ಸಂಜೆ ಹೊತ್ತಿಸಿ ಬೆಳಗ್ಗೆ ಆರಿಸುವುದಕ್ಕೆ ಕಂಬದಿಂದ ಕಂಬಕ್ಕೆ ನಡೆಯುವ ಆಳುಗಳಿದ್ದರು. ಅವರ ಕೆಲಸವನ್ನು ದೀಪದ ಗಡಿಯಾರಕ್ಕೆ ಒಪ್ಪಿಸಿದವರಲ್ಲಿ ಬಾತ್ ಪಟ್ಟಣದ ಹಾರ್ಸ್ಟ್‌ಮನ್ ಮನೆತನದವರು ಪ್ರಸಿದ್ಧರು. ಜರ್ಮನಿಯಿಂದ ಬಂದು ಅಲ್ಲಿ ನೆಲಸಿದ ಗುಸ್ತಾವ್ ಹಾರ್ಸ್ಟ್‌ಮನ್ನನು ಹವೆಯ ಉಷ್ಣದ ಏರಿಳಿತದಿಂದಲೇ ತನ್ನ ಕೀಲಿಯನ್ನು ತಾನೇ ತಿರುಗಿಸಿಕೊಳ್ಳುವ ಗಡಿಯಾರವನ್ನು ನಿರ್ಮಿಸಿದ್ದನು. ಅವನ ಮಕ್ಕಳು 1904ರಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ಬೀದಿದೀಪದ ಗಡಿಯಾರಗಳೂ, ಮುಂದೆ ಮನೆಯ ಕಾಲನಿಯಾಮಕಗಳೂ ಹೊರಬಂದವು. ಹೀಗೆ ಉಷ್ಣದಿಂದ ನಡೆಯುವ ಗಡಿಯಾರವನ್ನು ಮಾಡಿದವನ ಹೆಸರು, ಉಷ್ಣವನ್ನೇ ನಡೆಯಿಸುವ ಗಡಿಯಾರದ ಮೇಲೆ ನಿಂತಿತು.

ಮನೆಗೆ ಇಂತಹ ಗಡಿಯಾರ ಏಕೆ ಬೇಕಾಯಿತು? ವಿದ್ಯುಚ್ಛಕ್ತಿಯನ್ನು ಧಾನ್ಯದಂತೆ ಕಣಜದಲ್ಲಿ ತುಂಬಿಡುವುದು ಸುಲಭವಲ್ಲ. ಕಾದ ನೀರನ್ನಾದರೋ ತುಂಬಿಡಬಹುದು. ರಾತ್ರಿ ಜನರು ಮಲಗಿದ ಮೇಲೆ ಶಕ್ತಿಯ ಬೇಡಿಕೆ ಕುಗ್ಗುವುದು. ಆದರೆ ದೊಡ್ಡ ಉತ್ಪಾದನಾಗೃಹಗಳನ್ನು ಆಗಾಗ ನಿಲ್ಲಿಸಿ ನಡೆಯಿಸುವುದು ಲಾಭಕರವಲ್ಲ. ಆದುದರಿಂದ ರಾತ್ರಿಯ ಏಳು ಗಂಟೆಗಳ ಕಾಲ ಕಡಮೆ ಬೆಲೆಗೆ ವಿದ್ಯುತ್ತನ್ನು ಕೊಡುವ ‘ಎಕಾನಮಿ ಸೆವೆನ್’ ಎಂಬ ದರಪದ್ಧತಿಯು 1978ರಲ್ಲಿ ಬಂದಿತು. ಆ ಹೊತ್ತಿನಲ್ಲಿ ತಾಮ್ರದ ಹಂಡೆಯ ನೀರು ಕಾಯುವುದು. ಪೆಟ್ಟಿಗೆಗಳಲ್ಲಿ ಜೋಡಿಸಿದ ಇಟ್ಟಿಗೆಗಳು ಕಾದು ಹಗಲೆಲ್ಲ ಮನೆಯನ್ನು ಬೆಚ್ಚಗಿಡುವುವು. ಇದಕ್ಕೆ ಹೊತ್ತು ತಪ್ಪದ ಕಾವಲುಗಾರನು ಬೇಕು. ಗಡಿಯಾರವಾದರೋ ಹೊತ್ತು ತಪ್ಪುವುದುಂಟು. ವಿದ್ಯುತ್ತು ಒಂದು ಗಂಟೆ ನಿಂತರೆ ಅದರಿಂದಲೇ ಓಡುವ ಗಡಿಯಾರವು ಒಂದು ಗಂಟೆ ಹಿಂದೆ ಬೀಳುವುದು. ಬೇಸಗೆಯಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಅಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ ಮತ್ತೊಂದು ಗೊಂದಲ.

ಈ ತೊಡಕಿಗೆ 1980ರ ದಶಕದಲ್ಲಿ ಕಂಡುಕೊಂಡ ಪರಿಹಾರವು ವಿಸ್ಮಯಕರವಾದುದು. ಬಿ.ಬಿ.ಸಿ.ಯವರ ದೀರ್ಘತರಂಗದ ಬಾನುಲಿಯು 1934ರಿಂದ ಡ್ರಾಯ್ಟ್‌ವಿಚ್ ಕೇಂದ್ರದಿಂದ ಪ್ರಸಾರವಾಗುತ್ತಿತ್ತು. ಸ್ಕಾಟ್ಲೆಂಡಿನಲ್ಲಿ ವೆಸ್ಟರ್‌ಗ್ಲೆನ್ ಮತ್ತು ಬರ್ಗ್‌ಹೆಡ್ ಎಂಬ ಕೇಂದ್ರಗಳಿದ್ದವು. ಆ ತರಂಗದಲ್ಲಿ ಕಿವಿಗೆ ಕೇಳಿಸದ ಸೂಕ್ಷ್ಮ ವ್ಯತ್ಯಾಸಗಳನ್ನು ಮಾಡಿ, ಅವುಗಳ ಮೂಲಕ ಮನೆಮನೆಯ ಮಾಪಕದ ಬಳಿಯ ಗ್ರಾಹಕಯಂತ್ರಕ್ಕೆ ಅಪ್ಪಣೆ ಕಳುಹಿಸುವ ಏರ್ಪಾಡಾಯಿತು. ಒಂದೇ ತರಂಗವು ಒಬ್ಬನಿಗೆ ವಾರ್ತೆಯನ್ನು ಓದಿ ಹೇಳುತ್ತ, ನೆರೆಮನೆಯ ಹಂಡೆಗೆ ಕಾಯೆಂದು ಆಜ್ಞಾಪಿಸುತ್ತಿತ್ತು! ಗಡಿಯಾರವನ್ನು ತಿದ್ದುವ ಶ್ರಮ ತಪ್ಪಿತು. ಅದರ ಜೊತೆಯಲ್ಲಿ ಗೃಹಸ್ಥನ ಕೈಯಲ್ಲಿದ್ದ ಮುಳ್ಳು ದೂರದ ಗೋಪುರಕ್ಕೆ ಹೋಯಿತು.

ಗೋಪುರವೂ ಮುಪ್ಪಾಗುವುದೆಂಬುದನ್ನು ಜನರು ನೆನೆದಿರಲಿಲ್ಲ. ಹಳೆಯ ಯಂತ್ರಗಳಿಗೆ ಬಿಡಿಭಾಗಗಳು ದೊರೆಯುವುದು ದುರ್ಲಭವಾಯಿತು. 2025ರ ಜೂನ್ 30ರಂದು ಈ ಸೇವೆ ಮುಗಿಯತಕ್ಕುದೆಂದು ಗೊತ್ತಾಗಿತ್ತು. ಆದರೆ ಆಗಲೂ ಸುಮಾರು 3 ಲಕ್ಷ ಮಾಪಕಗಳು ಬದಲಾಗದೆ ಉಳಿದಿದ್ದುದರಿಂದ, ಒಮ್ಮೆಲೇ ನಿಲ್ಲಿಸದೆ ಪ್ರದೇಶ ಪ್ರದೇಶವಾಗಿ ನಿಲ್ಲಿಸುವ ನಿರ್ಧಾರವಾಯಿತು. ಅಪ್ಪಣೆ ಬಾರದಿದ್ದರೆ ಆ ಯಂತ್ರವು ಸದಾ ಉರಿಯುತ್ತಿರಬಹುದು, ಉರಿಯದೆಯೇ ಇರಬಹುದು, ಅಥವಾ ದುಬಾರಿ ಹೊತ್ತಿನಲ್ಲಿ ಉರಿಯಬಹುದು. ಅನಿಲದ ಕೊಳವೆ ತಲಪದ ಸ್ಕಾಟ್ಲೆಂಡಿನ ಹಳ್ಳಿಯ ವೃದ್ಧರಿಗೆ, ಚಳಿಗಾಲದಲ್ಲಿ, ಈ ಮೂರರಲ್ಲಿ ಯಾವುದೂ ಅಲ್ಪವಾದ ಕಷ್ಟವಲ್ಲ. ಬಚ್ಚಲ ಬದಿಯ ಹಳೆಯ ಕಾಲನಿಯಾಮಕವು ಕೆಟ್ಟರೆ ಪೇಟೆಯಿಂದ ಮತ್ತೊಂದನ್ನು ತರಿಸಿ, ವಿದ್ಯುತ್ತನ್ನು ಕಡಿದು, ಬಲ್ಲವನಿಂದ ಜೋಡಿಸಿಕೊಳ್ಳಬಹುದಾಗಿತ್ತು. ಮಾಪಕದ ಜೊತೆಯ ಈ ಯಂತ್ರವಾದರೋ ವಿದ್ಯುತ್ತು ಕೊಡುವವರ ಸೊತ್ತು. ಅವರು ಬಂದು ‘ಸ್ಮಾರ್ಟ್ ಮೀಟರ್’ ಹಾಕುವವರೆಗೆ ಮನೆಯವರು ಕಾದಿರಬೇಕು.

ದೀಪದ ಆಳಿನಿಂದ ಗಡಿಯಾರಕ್ಕೆ, ಗಡಿಯಾರದಿಂದ ಗೋಪುರಕ್ಕೆ, ಗೋಪುರದಿಂದ ಹೊಸ ಮಾಪಕಕ್ಕೆ ಈ ಅಧಿಕಾರವು ಸಾಗಿಬಂದಿದೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಸೌಕರ್ಯ ಹೆಚ್ಚಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕೆಟ್ಟುದನ್ನು ಮನೆಯವನೇ ಸರಿಪಡಿಸಿಕೊಳ್ಳುವ ಶಕ್ತಿಯು ಅಷ್ಟಷ್ಟೇ ಕುಗ್ಗಿತು. ಆದುದರಿಂದ ಮುಂದೆ ಬರುವ ಪೆಟ್ಟಿಗೆಯು ಎಷ್ಟೇ ಜಾಣತನದ್ದಾಗಿರಲಿ, ಮನೆಯೊಡತಿಯು ತನ್ನ ಬೆರಳಿನಿಂದ ಒತ್ತಿ ನೀರು ಕಾಯಿಸಿಕೊಳ್ಳಬಹುದಾದ ಗುಂಡಿಯೊಂದು ಅದರಲ್ಲಿ ಇರಲೇಬೇಕು.