ಕಮಲಾಪುರದ ಕೆಂಪು ಬಾಳೆ

ಮೊನ್ನೆ ಊರಿಗೆ ಹೋದಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ತಳ್ಳುಗಾಡಿಯಲ್ಲಿ ಕೆಂಪು ಬಾಳೆಹಣ್ಣು ಕಂಡಿತು. "ಕಮಲಾಪುರದ್ದೇನ್ರಿ?" ಅಂದೆ. "ಹೌದ್ರಿ" ಅಂದ. ನಾನೂ ಈ ಕಡೆಯವನೇ ಅಂತ ಗೊತ್ತಾದ ಮೇಲೆ ನಕ್ಕು, "ಖರೇ ಹೇಳ್ಬೇಕಂದ್ರ ತಮಿಳುನಾಡಿಂದ ಬಂದದ್ರಿ. ಕಮಲಾಪುರದ್ದು ಸಿಗೋದೇ ಕಮ್ಮಿ ಆಗ್ಯಾದ" ಅಂದ. ಹಣ್ಣು ತಗೊಂಡೆ. ಅವನ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ...

ಕಮಲಾಪುರ ಅಂದ ಕೂಡಲೇ ಹಂಪಿಗೆ ಹೋಗಬೇಡಿ :) ಇದು ಬೇರೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಊರು. ನಮ್ಮ ಜಿಲ್ಲೆ ಅಂದ್ರೆ ಕರಿ ಮಣ್ಣು, ತೊಗರಿ, ನಲವತ್ತು ಡಿಗ್ರಿ ದಾಟುವ ಬಿಸಿಲು. ಇಂಥಲ್ಲಿ ಬಾಳೆ ಹೇಗೆ ಬಂತು ಅಂದ್ರೆ, ಕಮಲಾಪುರದ ಸುತ್ತ ಒಂದು ಕಣಿವೆ ಇದೆ, ಅಲ್ಲಿ ಮಣ್ಣು ಕೆಂಪು. ಬೇಸಿಗೆಯ ಬಿಸಿಗಾಳಿ ನೇರವಾಗಿ ಬಡಿಯುವುದಿಲ್ಲ. ತಿಪ್ಪೆಗೊಬ್ಬರ ಹಾಕಿ, ಕೈ ಬಿಚ್ಚಿ ನೀರು ಕೊಟ್ಟರೆ ಗಿಡ ಎತ್ತರಕ್ಕೆ ಬೆಳೆದು ಗೊನೆ ಹಾಕುತ್ತದೆ. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣ. ದುಬಾರಿ ಅಂತ ಇದಕ್ಕೆ 'ಶ್ರೀಮಂತರ ಹಣ್ಣು' ಅನ್ನುವ ಹೆಸರೂ ಉಂಟು.

ತೊಂದರೆ ಇರುವುದು ಕಾಲದ ಲೆಕ್ಕದಲ್ಲಿ. ಬೇರೆ ಬಾಳೆ ಒಂದು ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ 18 ತಿಂಗಳು ಬೇಕು. ಅಂದರೆ ಒಂದು ಪೂರ್ತಿ ಬೇಸಿಗೆ ದಾಟಲೇಬೇಕು, ನಾಟಿ ಮಾಡಿದ ತಿಂಗಳು ನೋಡಿಕೊಂಡು ಕೆಲವೊಮ್ಮೆ ಎರಡು. ತೊಗರಿ ಹಾಗಲ್ಲ, ಮುಂಗಾರಿಗೆ ಬಿತ್ತಿದರೆ ಸಂಕ್ರಾಂತಿ ಹೊತ್ತಿಗೆ ರಾಶಿ. ನಮ್ಮ ದೊಡ್ಡಪ್ಪ ಅರ್ಧ ಎಕರೆ ಕೆಂಪು ಬಾಳೆ ಇಟ್ಟಿದ್ದವರು ಒಂದು ವರ್ಷ ಎಲ್ಲ ಕಿತ್ತು ತೊಗರಿ ಹಾಕಿದರು. ಯಾಕ್ರಿ ಅಂತ ಕೇಳಿದ್ದಕ್ಕೆ, "ಹದಿನಾರ್ ತಿಂಗಳ ನೀರ್ ಹಾಕಿ ಹದಿನೇಳನೇದಕ್ಕ ಬಾವಿ ಬತ್ತಿದ್ರ ಯಾರಿಗಿ ಕೇಳ್ಲೋ ತಮ್ಮಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ನಮ್ಮ ಕಡೆ ಹೆಸರುಗಳು ಬದಲಾಗುತ್ತಲೇ ಬಂದಿವೆ. 1948ರ ತನಕ ನಿಜಾಮರ ಹೈದರಾಬಾದ್, 1956ರಲ್ಲಿ ಮೈಸೂರು ರಾಜ್ಯ. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. ತಮಾಷೆ ಅಂದ್ರೆ, ಅದೇ 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದ್ದು 'ಗುಲ್ಬರ್ಗ ತೊಗರಿ ಬೇಳೆ' ಅಂತಲೇ!

ಕಮಲಾಪುರದ ಕೆಂಪು ಬಾಳೆಗೆ ಆ ಮುದ್ರೆ ಅದಕ್ಕೂ ಮೊದಲೇ ಸಿಕ್ಕಿತ್ತು. ಈ ಕಾಯ್ದೆ ದೇಶದಲ್ಲಿ ಜಾರಿಗೆ ಬಂದಿದ್ದು 2003ರಲ್ಲಿ. ಕೆಂಪು ಬಾಳೆ ಕೇರಳದಲ್ಲೂ ಇದೆ (ಚೆಂಕದಳಿ), ತಮಿಳುನಾಡಲ್ಲೂ ಇದೆ (ಸೆವ್ವಾಳೈ). ಅಲ್ಲಿನ ಹಣ್ಣನ್ನು ಕಮಲಾಪುರದ್ದು ಅಂತ ಮಾರಬಾರದು ಅನ್ನುವುದಷ್ಟೇ ಕಾಯ್ದೆಯ ಮಾತು. ದೊಡ್ಡಪ್ಪನ ಬಾವಿಗೆ ನೀರು ತರುವ ಕಲಮು ಅದರಲ್ಲಿಲ್ಲ. ತಳ್ಳುಗಾಡಿಯವನಿಗಂತೂ ಅದು ಇದೆ ಅಂತಲೇ ಗೊತ್ತಿದ್ದಂತಿರಲಿಲ್ಲ.

ನಂಜನಗೂಡಿನ ರಸಬಾಳೆಗೂ ಇದೇ ಮುದ್ರೆ ಇದೆ. ಅದನ್ನು ಹಿಂಡಿದ್ದು ಪನಾಮ ಸೊರಗು ರೋಗ, ಇಲ್ಲಿ ನೀರು. ಮೈಸೂರು ಕಡೆಯ ಗೆಳೆಯರು ಯಾರಾದರೂ ಆ ಕತೆ ಬರೆಯಿರಲ್ಲಾ...

ದೊಡ್ಡಪ್ಪ ಎಲ್ಲವನ್ನೂ ಕಿತ್ತಿಲ್ಲ. ಹಿತ್ತಲ ಬಚ್ಚಲ ನೀರು ಹರಿಯುವಲ್ಲಿ ಎರಡು ಕಂದು ಉಳಿಸಿಕೊಂಡಿದ್ದಾರೆ. ಮುಂದಿನ ಸಲ ಬಂದಾಗ ಗೊನೆ ಬಿಟ್ಟಿರ್ತದ, ತಗೊಂಡ್ ಹೋಗು ಅಂದಿದ್ದಾರೆ.