ಪಾಪಾಸುಕಳ್ಳಿಯ ಪೂರ್ವೋತ್ತರ

ಕನ್ನಡ ನಾಡಿನ ಹಳ್ಳಿಗಳಲ್ಲಿ ಹೊಲದ ಬದುವಿನ ಮೇಲೂ ಹಿತ್ತಿಲ ಬೇಲಿಯಲ್ಲಿಯೂ ಕಾಣಬರುವ ಪಾಪಾಸುಕಳ್ಳಿಯನ್ನು ಪರದೇಶದ ಸಸ್ಯವೆಂದರೆ ಒಡನೆಯೇ ಒಪ್ಪುವವರು ವಿರಳ. ಹೆಸರಿನಲ್ಲಿಯೇ ‘ಕಳ್ಳಿ’ ಇದೆ. ಕಳ್ಳಿಯಾದರೋ ದ್ರಾವಿಡ ಭಾಷೆಗಳ ಹಳೆಯ ಮಾತು. ಆದರೆ ಸಸ್ಯಶಾಸ್ತ್ರವು ಇವುಗಳಿಗೆ ಯಾವ ಬಂಧುತ್ವವನ್ನೂ ಒಪ್ಪುವುದಿಲ್ಲ. ಚದುರಗಳ್ಳಿ, ಎಲೆಗಳ್ಳಿ ಮುಂತಾದ ನಾಡಿನ ಕಳ್ಳಿಗಳು ಯೂಫೋರ್ಬಿಯಾ ಕುಲಕ್ಕೆ ಸೇರಿದುವು. ಗಾಯವಾದೊಡನೆ ಬಿಳಿಯ ಹಾಲನ್ನು ಸುರಿಸುತ್ತವೆ. ಆ ಹಾಲು ಕಣ್ಣಿಗೆ ಅಪಾಯಕರವೆಂಬುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಪಾಪಾಸುಕಳ್ಳಿಯನ್ನು ಕೊಯ್ದರೆ ಬರುವುದು ನೀರಿನಂತಹ ಲೋಳೆ ಮಾತ್ರ. ಅದು ಕ್ಯಾಕ್ಟಸ್ ವಂಶದ್ದು. ಆ ವಂಶದ ತವರು ಅಮೆರಿಕ. ಆಫ್ರಿಕದಲ್ಲಿಯೂ ಸಿಂಹಳದಲ್ಲಿಯೂ ಮರಗಳಿಂದ ಜೋಲುವ ರಿಪ್ಸಾಲಿಸ್ ಎಂಬ ಒಂದೇ ಒಂದು ಸಸ್ಯವನ್ನು ಬಿಟ್ಟರೆ, ಹಳೆಯ ಜಗತ್ತಿನಲ್ಲಿ ಈ ವಂಶದ ಬೇರಾವುದೂ ತಾನಾಗಿ ಹುಟ್ಟಿದ್ದಲ್ಲ. ಆದುದರಿಂದ 1492ಕ್ಕೆ ಹಿಂದೆ ಕನ್ನಡಿಗರಾರೂ ಪಾಪಾಸುಕಳ್ಳಿಯನ್ನು ಕಂಡಿರಲಾರರು.

ಹಾಗಾದರೆ ಅದು ಯಾವಾಗ ಬಂದಿತು? ಹೆಸರು ಇಲ್ಲಿ ಸ್ವಲ್ಪ ಸಾಕ್ಷ್ಯವನ್ನು ಒದಗಿಸುತ್ತದೆ. ‘ಪಾಪಾಸು’ ಎಂದರೆ ಪಾದರಕ್ಷೆ. ಪಾರಸಿಯ ‘ಪಾಪೋಶ್’ ಎಂಬ ಶಬ್ದವೇ ಕನ್ನಡದಲ್ಲಿ ಈ ರೂಪವನ್ನು ತಾಳಿದೆ. ಅಟ್ಟೆಯಂತೆ ಚಪ್ಪಟೆಯಾಗಿರುವ ಕಾಂಡವನ್ನು ನೋಡಿ ಇಟ್ಟ ಹೆಸರಿದು. ತಮಿಳರು ಇದೇ ಗಿಡವನ್ನು ‘ಸಪ್ಪಾತ್ತುಕ್ಕಳ್ಳಿ’ ಎನ್ನುತ್ತಾರೆ. ಅಲ್ಲಿಯ ‘ಸಪ್ಪಾತ್ತು’ ಪೋರ್ಚುಗೀಸರ ‘ಸಪಾತೋ’; ಅದರ ಅರ್ಥವೂ ಪಾದರಕ್ಷೆಯೇ. ಜನರ ಬಾಯಲ್ಲಿ ಅದು ‘ಸಪ್ಪಾತ್ತಿ’ಯಾಗಿ, ಗೋದಿಯ ಚಪಾತಿಯ ನೆನಪನ್ನು ತರುವುದು ಬಳಿಕ ಹುಟ್ಟಿದ ಭ್ರಮೆ. ನೆರೆಯ ಎರಡು ಭಾಷೆಗಳು ಒಂದೇ ಹೋಲಿಕೆಯನ್ನು ಹಿಡಿದು, ಮಾತನ್ನು ಮಾತ್ರ ಎರಡು ಬೇರೆ ಪರಭಾಷೆಗಳಿಂದ ಎರವು ಪಡೆದಿರುವುದು ಗಮನಾರ್ಹವಾದುದು. ಕೆರ, ಎಕ್ಕಡ ಎಂಬ ಮಾತುಗಳು ಕನ್ನಡದಲ್ಲಿ ಇದ್ದೇ ಇದ್ದುವು. ಆದರೂ ಅವು ಈ ಗಿಡಕ್ಕೆ ಅಂಟಲಿಲ್ಲ. ಪಾರಸಿಯ ಮಾತು ಮನೆಮಾತಾದ ಮೇಲೆ ಒಳನಾಡಿನಲ್ಲಿಯೂ, ಪೋರ್ಚುಗೀಸರ ಮಾತು ಹರಡಿದ ಮೇಲೆ ತಮಿಳು ನಾಡಿನಲ್ಲಿಯೂ ಈ ನಾಮಕರಣ ನಡೆದಿರಬೇಕು. ಇದು ಹೆಸರಿಟ್ಟ ಕಾಲದ ಸೂಚನೆಯೇ ಹೊರತು ಗಿಡ ಬಂದ ಕಾಲದ ನಿರ್ಣಯವಲ್ಲ. ಇದಕ್ಕಿಂತ ಹೆಚ್ಚಿನ ಭಾರವನ್ನು ಆ ಶಬ್ದದ ಮೇಲೆ ಹೇರುವುದು ಸಲ್ಲದು. ತೆಲುಗರು ನಾಗಜೆಮುಡು ಎಂದೂ ಮರಾಠಿಗರು ಫಡ್ಯಾ ನಿವಡುಂಗ ಎಂದೂ ಹಾವಿನ ಹೆಡೆಯನ್ನು ನೆನೆದರು.

ನಾಮಕರಣದಲ್ಲಿ ಎಡವಿದವರಲ್ಲಿ ಯುರೋಪಿನ ಪಂಡಿತರೂ ಉಂಟು. ಅಮೆರಿಕದ ಈ ಗಿಡಕ್ಕೆ ಅವರು ಗ್ರೀಸಿನ ಓಪುಸ್ ಎಂಬ ಊರಿನಿಂದ ಬಂದ ‘ಓಪುನ್ಶಿಯ’ ಎಂಬ ಹೆಸರಿಟ್ಟರು. ಅದರ ಒಂದು ಜಾತಿಯನ್ನು ‘ಇಂಡಿಯದ ಅಂಜೂರ’ವೆಂದು ಕರೆದರು. ಇತ್ತ 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟುಸ್ ಮಲಬಾರಿಕುಸ್’ ಗ್ರಂಥದ ‘ತಿರುಕಳ್ಳಿ’ ಎಂಬ ಮಲೆಯಾಳದ ಹೆಸರನ್ನು ಲಿನೇಯಸನು ತೆಗೆದುಕೊಂಡು, 1753ರಲ್ಲಿ ಬೊಂತೆಗಳ್ಳಿಗೆ ಯೂಫೋರ್ಬಿಯಾ ತಿರುಕಳ್ಳಿ ಎಂದು ಹೆಸರಿಟ್ಟನು. ‘ಕಳ್ಳಿ’ ಎಂಬ ಮಾತು ಲ್ಯಾಟಿನ್ನಿಗೆ ಸೇರಿದ್ದು ಹೀಗೆ. ವಿನೋದವೇನೆಂದರೆ, ಆ ಬೊಂತೆಗಳ್ಳಿಯ ತವರೂ ಆಫ್ರಿಕವೆಂದೇ ಇಂದಿನ ಸಸ್ಯಶಾಸ್ತ್ರಜ್ಞರ ಮತ.

ಇಂತಹ ಗಿಡಗಳ ಆಗಮನಕ್ಕೆ ಕಾಗದಪತ್ರಗಳ ಆಧಾರ ಸಿಕ್ಕದಿರುವುದಕ್ಕೆ ಅವುಗಳ ಸ್ವಭಾವವೇ ಕಾರಣ. ಬೇರೆ ಸಸ್ಯಗಳನ್ನು ಕಡಲು ದಾಟಿಸುವುದು ಬಲು ಕಷ್ಟದ ಕೆಲಸವಾಗಿದ್ದಿತು. ಉಪ್ಪು ಗಾಳಿಗೂ ನೀರಿನ ಅಭಾವಕ್ಕೂ ಸಿಕ್ಕಿ ಬಹುಪಾಲು ಹಡಗಿನಲ್ಲಿಯೇ ಒಣಗುತ್ತಿದ್ದುವು. ಲಂಡನ್ನಿನ ವೈದ್ಯನಾದ ನಥೇನಿಯಲ್ ವಾರ್ಡನು 1829ರಲ್ಲಿ ಮುಚ್ಚಿದ ಗಾಜಿನ ಸೀಸೆಯೊಳಗೆ ಗಿಡ ತಾನಾಗಿ ಬದುಕುವುದನ್ನು ಕಂಡು, 1833ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಆಸ್ಟ್ರೇಲಿಯಕ್ಕೆ ಕಳುಹಿಸಿದ ಮೇಲೆಯೇ ಈ ತೊಡಕು ಬಹುಮಟ್ಟಿಗೆ ಬಗೆಹರಿಯಿತು. ರಸಭರಿತ ಗಿಡಗಳಿಗೆ ಆ ಪೆಟ್ಟಿಗೆ ಬೇಕಿರಲಿಲ್ಲ. ಅದರೊಳಗಿನ ತೇವದಿಂದ ಅವು ಕೊಳೆಯುವುದೇ ಹೆಚ್ಚು. ಪಾಪಾಸುಕಳ್ಳಿಯ ಒಂದು ಅಟ್ಟೆಯನ್ನು ಮುರಿದು ನೆರಳಿನಲ್ಲಿಟ್ಟರೆ ಗಾಯ ಒಣಗಿ ತೊಗಲು ಕಟ್ಟುತ್ತದೆ. ವಾರಗಟ್ಟಲೆ ನೀರಿಲ್ಲದೆ ಇದ್ದು, ಮರಳುಮಣ್ಣು ಸೋಕಿದೊಡನೆ ಬೇರು ಬಿಡುತ್ತದೆ. ಹಸಿಯ ಗಾಯವನ್ನು ಹಾಗೆಯೇ ನೆಟ್ಟರೆ ಕೊಳೆಯುವ ಸಂಭವವುಂಟು. ಮನೆಯಲ್ಲಿ ಇವನ್ನು ಬೆಳೆಸುವವರೆಲ್ಲರೂ ಮೊದಲು ಕಲಿಯುವ ಪಾಠವಿದು. ಹೀಗೆ ನಾವಿಕನೊಬ್ಬನ ಚೀಲದ ಮೂಲೆಯಲ್ಲಿದ್ದ ಒಂದು ತುಂಡು ಸಾಕು. ಯಾವ ತೋಟದ ದಫ್ತರದಲ್ಲಿಯೂ ಅದಕ್ಕೆ ಲೆಕ್ಕವಿರುವುದಿಲ್ಲ. ಮಡಗಾಸ್ಕರದ ಕಾಡುಬಸಳೆಯದೂ ಇದೇ ರೀತಿ. ಅದರ ಎಲೆಯೊಂದು ನೆಲಕ್ಕೆ ಬಿದ್ದರೆ ಅಂಚಿನ ಕಚ್ಚುಗಳಲ್ಲಿ ಮರಿಗಿಡಗಳು ಮೂಡುತ್ತವೆ. ಜರ್ಮನಿಯ ಕವಿ ಗಯಟೆಯು ಈ ಅಚ್ಚರಿಗೆ ಮರುಳಾಗಿ, ಎಲೆಗಳನ್ನು ಗೆಳೆಯರಿಗೆ ಹಂಚುತ್ತಿದ್ದನು. ಮೆಕ್ಸಿಕೋವಿನ ಆನೆಕತ್ತಾಳೆ ಒಮ್ಮೆಯೇ ಹೂಬಿಟ್ಟು ಸಾಯುತ್ತದೆ, ಆದರೆ ಬುಡದಲ್ಲಿ ಮರಿಗಳನ್ನು ಬಿಟ್ಟು ಸಾಯುತ್ತದೆ. ತಮಿಳಿನ ‘ಕಟ್ರಾಳೈ’ ಮೂಲತಃ ಲೋಳೆಸರದ ಹೆಸರು. ಹಳೆಯ ಹೆಸರು ಹೊಸಬನಿಗೆ ಸಂದುದಕ್ಕೆ ಕತ್ತಾಳೆಯೂ ಒಂದು ನಿದರ್ಶನ.

ಪಾಪಾಸುಕಳ್ಳಿಯ ಚರಿತ್ರೆಯಲ್ಲಿ ದಾಖಲೆಯುಳ್ಳ ಭಾಗ ಒಂದು ಹುಳುವಿನಿಂದ ಆರಂಭವಾಗುತ್ತದೆ. ಮೆಕ್ಸಿಕೋವಿನ ಓಹಾಕ ಪ್ರಾಂತದಲ್ಲಿ ಕೆಲವು ಜಾತಿಯ ಪಾಪಾಸುಕಳ್ಳಿಗಳ ಮೇಲೆ ಕೋಚಿನೀಲ್ ಎಂಬ ಹುಳುವನ್ನು ಸಾಕಿ, ಒಣಗಿಸಿ, ಕಡುಗೆಂಪು ಬಣ್ಣವನ್ನು ತೆಗೆಯುತ್ತಿದ್ದರು. ಒಂದು ಪೌಂಡು ಸರಕಿಗೆ ಸುಮಾರು 70,000 ಹುಳುಗಳು ಬೇಕು. ಇದರ ವ್ಯಾಪಾರವೆಲ್ಲ ಸ್ಪೇನಿನವರ ಕೈಯಲ್ಲಿದ್ದಿತು. 1777ರಲ್ಲಿ ತಿಯೆರಿ ದ ಮೆನೋನ್ವಿಲ್ ಎಂಬ ಫ್ರೆಂಚನು ಗುಟ್ಟಾಗಿ ಓಹಾಕಕ್ಕೆ ಹೋಗಿ ಹುಳುಗಳನ್ನು ಕದ್ದು ತಂದನು. ಇಂಗ್ಲಿಷ್ ಕಂಪೆನಿಗೂ ಇದೇ ಆಸೆ. ಅರಗಿನಿಂದಲೂ ಚಾಯದ ಬೇರಿನಿಂದಲೂ ದಕ್ಷಿಣದ ಬಣ್ಣಗಾರರು ತೆಗೆಯುತ್ತಿದ್ದ ಕೆಂಪು ಅವರಿಗೆ ಸಾಲಲಿಲ್ಲ. ಮದರಾಸಿನಲ್ಲಿ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ 1786ರಲ್ಲಿ ಹುಲ್ಲಿನ ಮೇಲೊಂದು ಕೆಂಪು ರಸದ ಹುಳುವನ್ನು ಕಂಡು, ಅದೇ ಕೋಚಿನೀಲ್ ಎಂದು ಹಿಗ್ಗಿ ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ ಬರೆದನು. ಅದು ಅಲ್ಲವೆಂದು ತಿಳಿದುಬಂದರೂ ಆತನ ಉತ್ಸಾಹ ಕುಗ್ಗಲಿಲ್ಲ. ಹುಳುವಿನ ಆಹಾರಕ್ಕೆಂದು ಕ್ಯೂ ತೋಟದಿಂದ ಗಿಡಗಳನ್ನು ತರಿಸಿ ಸೈದಾಪೇಟೆಯಲ್ಲಿ ಪಾಪಾಸುಕಳ್ಳಿಯ ತೋಟವನ್ನೇ ಹಾಕಿಸಿದನು. ತೋಟ ಸಿದ್ಧವಾಯಿತು; ಹುಳು ಮಾತ್ರ ಬಂದಿರಲಿಲ್ಲ.

1795ರಲ್ಲಿ ನೀಲ್ಸನ್ ಎಂಬ ಕಪ್ತಾನನು ಬ್ರೆಜಿಲಿನ ರಿಯೋ ದ ಜನೈರೋವಿನಿಂದ ಹುಳು ಹತ್ತಿದ ಅಟ್ಟೆಗಳನ್ನು ಕಲ್ಕತ್ತೆಗೆ ತಂದು, ಅಲ್ಲಿಯ ಸಸ್ಯೋದ್ಯಾನದ ಅಧಿಕಾರಿಯಾದ ರಾಕ್ಸ್‌ಬರ್ಗನಿಗೆ ಒಪ್ಪಿಸಿದನು. ಹುಳುವೇನೋ ಬೆಳೆಯಿತು, ಆದರೆ ಅದು ನಿಜವಾದ ಕೋಚಿನೀಲ್ ಆಗಿರಲಿಲ್ಲ. ಅದರ ಕಾಡು ಬಂಧು. ಬಣ್ಣ ಹೀನ, ಹಸಿವು ಅಪಾರ. ಕ್ಯೂವಿನಿಂದ ತರಿಸಿದ ಗಿಡಗಳಿಗಿಂತ ಅದಕ್ಕೆ ರುಚಿಸಿದ್ದು ಊರುಗಳ ಬೇಲಿಯಲ್ಲಿ ಹಿಂದಿನಿಂದಲೂ ಬೆಳೆದಿದ್ದ ಪಾಪಾಸುಕಳ್ಳಿ. ಆ ಬೇಲಿಗಳನ್ನು ಅದು ವ್ಯಾಪಕವಾಗಿ ತಿಂದುಹಾಕಿತು. ಬಣ್ಣದ ಉದ್ಯಮ ತಲೆಯೆತ್ತಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಹುಳುವನ್ನು ದಕ್ಷಿಣಕ್ಕೂ ಸಿಂಹಳಕ್ಕೂ ಒಯ್ದರು. ಆಗಿನ ಉದ್ದೇಶ ಬಣ್ಣವಲ್ಲ, ಹಬ್ಬಿದ ಕಳ್ಳಿಯ ನಾಶ. ಕಳೆಯೊಂದನ್ನು ಕೊಲ್ಲಲು ಕೀಟವನ್ನು ಬುದ್ಧಿಪೂರ್ವಕವಾಗಿ ದೇಶಾಂತರ ಮಾಡಿದ ಪ್ರಥಮ ಪ್ರಸಂಗ ಇದೆಂದು ಕೀಟಶಾಸ್ತ್ರಜ್ಞರು ಎಣಿಸುತ್ತಾರೆ. ಹೆಸರಿನ ವಿಪರ್ಯಾಸ ಇಲ್ಲಿಯೂ ತಪ್ಪಲಿಲ್ಲ: ದಕ್ಷಿಣ ಅಮೆರಿಕದ ಈ ಹುಳುವಿಗೆ 1896ರಲ್ಲಿ ‘ಸಿಂಹಳದ್ದು’ ಎಂಬರ್ಥದ ಶಾಸ್ತ್ರನಾಮ ದೊರೆಯಿತು.

ಬೇಲಿಯ ಹಳೆಯ ಜಾತಿ ಹೀಗೆ ಅಳಿದರೂ, ಹಳದಿ ಮುಳ್ಳಿನ ಮತ್ತೊಂದು ಜಾತಿಯನ್ನು ಈ ಹುಳು ಮುಟ್ಟಲಿಲ್ಲ. ಇಂದು ‘ಡಿಲ್ಲೇನೀ’ ಎಂದು ಗುರುತಿಸುವ ಆ ಜಾತಿಯು ಬಯಲುಸೀಮೆಯ ಗೋಮಾಳಗಳನ್ನೂ ಊರ ಹೊರವಲಯಗಳನ್ನೂ ಆಕ್ರಮಿಸಿತು. ಕಡಿದರೆ ಒಂದು ಹತ್ತಾಗುತ್ತಿದ್ದಿತು. ಏಕೆಂದರೆ ಕಡಿದು ಬಿಸುಟ ತುಂಡುಗಳೆಲ್ಲವೂ ಬೇರು ಬಿಡುತ್ತಿದ್ದುವು. ಬೇಲಿ ಹಾಕುವವನಿಗೆ ವರವಾಗಿದ್ದ ಗುಣವೇ ಉಳುವವನಿಗೆ ಶಾಪವಾಯಿತು. ಬರಗಾಲದಲ್ಲಿ ಮುಳ್ಳನ್ನು ಸುಟ್ಟು ದನಗಳಿಗೆ ತಿನ್ನಿಸಿದುದೂ, ಮಕ್ಕಳು ಕೆಂಪು ಹಣ್ಣನ್ನು ಕಿತ್ತು ತಿಂದುದೂ ಉಂಟು. ಆದರೆ ಇವೆಲ್ಲ ಕಳೆದುಕೊಂಡ ನೆಲಕ್ಕೆ ಸಮನಾದ ಲಾಭಗಳಲ್ಲ. ಕಡೆಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಕೋಚಿನೀಲ್ ಹುಳುವನ್ನು ತಂದು ಬಿಟ್ಟರು. ಐದಾರು ವರ್ಷಗಳೊಳಗೆ ದಕ್ಷಿಣ ಭಾರತದ ಸುಮಾರು 40,000 ಹೆಕ್ಟೇರು ನೆಲ ಈ ಕಳ್ಳಿಯ ಹಿಡಿತದಿಂದ ಬಿಡುಗಡೆಯಾಯಿತು. ಆಸ್ಟ್ರೇಲಿಯದ ಕಥೆ ಇದಕ್ಕೆ ಜೋಡಿಯಾದುದು. 1788ರಲ್ಲಿ ಫಿಲಿಪ್ ಎಂಬ ನೌಕಾಧಿಪತಿಯು ಅದೇ ರಿಯೋದಿಂದ, ಅದೇ ಬಣ್ಣದ ಆಸೆಯಿಂದ ಕಳ್ಳಿಯನ್ನು ಅಲ್ಲಿಗೆ ಒಯ್ದಿದ್ದನು. ಬಳಿಕ ಬಂದ ಬೇರೊಂದು ಜಾತಿ 1925ರ ವೇಳೆಗೆ ಆರು ಕೋಟಿ ಎಕರೆಗಳಷ್ಟು ನೆಲವನ್ನು ಮುಚ್ಚಿತು. ಅದನ್ನು ಅಳಿಸಿದ ಅರ್ಜೆಂಟೀನದ ಪತಂಗಕ್ಕೆ ಕೃತಜ್ಞರಾದ ರೈತರು 1936ರಲ್ಲಿ ಬೂನಾರ್ಗ ಎಂಬ ಊರಿನಲ್ಲಿ ಸ್ಮಾರಕ ಭವನವನ್ನು ಕಟ್ಟಿಸಿದರು.

ಇಂದು ನಗರಗಳ ಮಹಡಿಗಳ ಮೇಲೆ, ಕಿಟಕಿಗಳ ಬಳಿ, ಚಿಕ್ಕ ಕುಂಡಗಳಲ್ಲಿ ಈ ವಂಶದ ನೂರಾರು ಬಗೆಗಳನ್ನು ಸಾಕುತ್ತಾರೆ; ಅಟ್ಟೆಯನ್ನು ಮುರಿದು, ಒಣಗಿಸಿ, ಮರಳಿನಲ್ಲಿ ನೆಟ್ಟು, ನೆರೆಹೊರೆಯವರಿಗೆ ಹಂಚುತ್ತಾರೆ. ಕೆಲವೊಮ್ಮೆ ಗಿಡದ ಮೇಲೆ ಅರಳೆಯ ಚೂರಿನಂತಹ ಬಿಳಿಯ ಪದಾರ್ಥ ಕಾಣಿಸಿಕೊಳ್ಳುತ್ತದೆ. ಅದನ್ನು ಹಿಟ್ಟುತಿಗಣೆಯೆಂದು ಭಾವಿಸಿ ಬಟ್ಟೆಯಿಂದ ಒರಸುವುದು ವಾಡಿಕೆ. ಒರಸಿದ ಬಟ್ಟೆಗೆ ಕಡುಗೆಂಪು ಹತ್ತಿದರೆ ಅದು ಹಿಟ್ಟುತಿಗಣೆಯಲ್ಲ. ನೀಲ್ಸನ್ ಕಪ್ತಾನನು ಹಡಗಿನಲ್ಲಿ ತಂದ ಹುಳುವಿನ ಬಳಗ.