ಹಾಸಿನ ಮೇಲಣ ರಾಜ್ಯ

ಪಗಡೆಯಲ್ಲಾಗಲಿ ಚೌಕಾಬಾರದಲ್ಲಾಗಲಿ, ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ 'ಹಣ್ಣಾಯಿತು' ಎನ್ನುತ್ತೇವಷ್ಟೆ. ಇಂಥ ಸೊಗಸಾದ ಮಾತನ್ನು ಮೊದಲು ಆಡಿದವರಾರು, ಆ ಆಟವನ್ನು ಕಟ್ಟಿದವರಾರು ಎಂದು ಕೇಳಿದರೆ ಉತ್ತರ ದೊರೆಯದು. ನಮ್ಮ ಹಳೆಯ ಆಟಗಳಿಗೆ, ಗರತಿಯ ಹಾಡುಗಳಿಗಿರುವಂತೆಯೇ, ಕರ್ತೃವಿನ ಅಂಕಿತವಿಲ್ಲ. ಆದರೆ ವಾಚಕರೇ, ಹೆಸರೂ ಕಾಲವೂ ಚೆನ್ನಾಗಿ ತಿಳಿದಿರುವ ಒಬ್ಬ ಆಟದ ಕರ್ತೃ ನಮ್ಮ ಮೈಸೂರಿನಲ್ಲಿಯೇ ಆಗಿಹೋದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರಲ್ಲಿ ಹುಟ್ಟಿದ ಇವರಿಗೆ 1799ರಲ್ಲಿ, ಐದರ ಎಳೆತನದಲ್ಲಿ, ಪಟ್ಟವಾಯಿತು. ನಗರದ ದಂಗೆಯ ಬಳಿಕ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಆಗ ದೊರೆಗಳಿಗೆ 37 ವಯಸ್ಸು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಬಾಳಿದ್ದು ಹೆಚ್ಚುಕಡಮೆ ಇನ್ನಷ್ಟೇ ವರ್ಷ. ಎಂದರೆ ಆಯುಸ್ಸಿನ ಸರಿಯರ್ಧ. ಸಿಂಹಾಸನವುಂಟು, ದರ್ಬಾರುಂಟು, ದಸರೆಯುಂಟು, ಆಳಲು ನಾಡಿಲ್ಲ! ಮರಳಿ ಕೊಡಿರೆಂದು ಮತ್ತೆ ಮತ್ತೆ ಬರೆದರೂ ರಾಜ್ಯ ಅವರ ಕೈಗೆ ಬರಲಿಲ್ಲ. 1881ರಲ್ಲಿ ಅದು ಬಂದದ್ದು ಅವರ ದತ್ತುಪುತ್ರರಿಗೆ.

ಇಂಥ ದೊರೆ ಆಟದಲ್ಲಿ ಕಾಲ ಕಳೆದರು ಎಂದು ಹಗುರವಾಗಿ ನುಡಿಯುವವರುಂಟು. ಅವರು ಶ್ರೀತತ್ತ್ವನಿಧಿಯನ್ನೊಮ್ಮೆ ನೋಡಬೇಕು. ಮಹಾರಾಜರು ಸಿದ್ಧಪಡಿಸಿದ ಈ ಸಚಿತ್ರ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳು. ಶಕ್ತಿ, ವಿಷ್ಣು, ಶಿವ, ಗ್ರಹ ಮೊದಲಾದ ನಿಧಿಗಳಾದ ಮೇಲೆ ಕಡೆಯದು ಕೌತುಕನಿಧಿ. ಆಟಗಳಿಗೆ ಎಡೆ ಅಲ್ಲಿ. ದೇವತೆಗಳ ಧ್ಯಾನಶ್ಲೋಕಗಳಿರುವ ಗ್ರಂಥದಲ್ಲಿಯೇ ಆಟಕ್ಕೂ ಸ್ಥಾನ! ಆಸ್ಥಾನದ ಪಂಡಿತರೂ ಚಿತ್ರಗಾರರೂ ಇದರಲ್ಲಿ ದುಡಿದಿದ್ದಾರೆ ಎಂಬುದನ್ನು ಮರೆಯಲಾಗದು. ದೊರೆಯ ಹೆಸರಿನ ಹಿಂದೆ ಎಷ್ಟೋ ಕೈಗಳಿರುತ್ತವೆ.

ಗಂಜೀಫದ ಎಲೆಗಳನ್ನು ನೀವು ಬಲ್ಲಿರಿ. ದಶಾವತಾರದ ಗಂಜೀಫದಲ್ಲಿ ಹತ್ತು ಅವತಾರಗಳಿಗೆ ಹತ್ತು ಪಂಗಡ, ಪಂಗಡಕ್ಕೆ 12 ಎಲೆ, ಒಟ್ಟು 120. ಮಹಾರಾಜರಿಗೆ ಇದು ಸಾಲಲಿಲ್ಲ. 'ಛದ' ಎಂಬ ಹೆಸರಿನ ಹೊಸ ಹೊಸ ಆಟಗಳನ್ನು ಕಲ್ಪಿಸಿದರು. (ಸಂಸ್ಕೃತದಲ್ಲಿ ಛದವೆಂದರೆ ಎಲೆಯೇ.) ಪಂಗಡವೊಂದಕ್ಕೆ ಸಾಮಾನ್ಯವಾಗಿ 12 ಎಣಿಕೆಯ ಎಲೆ, 6 ಚಿತ್ರದ ಎಲೆ, ಜೊತೆಗೆ ಸದಾ ತುರುಪಾಗಿಯೇ ಇರುವ ಎಲೆ, ಬೇರೆ ಯಾವ ಎಲೆಯ ಬದಲಿಗಾದರೂ ನಿಲ್ಲುವ ಎಲೆ. ಕಟ್ಟು ಬೆಳೆದು ಬೆಳೆದು 360 ಎಲೆಗಳವರೆಗೆ ಹೋಯಿತು. ನಾಲ್ವರು ಕುಳಿತು ಹಂಚಿಕೊಂಡರೆ ತಲೆಗೆ 90 ಎಲೆ! ಹಿಡಿಯುವುದೆಂತು?

ಈ ಆಟಗಳು ಅರಮನೆಯ ಹೊಸಿಲನ್ನು ದಾಟಲಿಲ್ಲ. ಚೌಕಾಬಾರಕ್ಕೆ ಜಗಲಿಯ ಮೇಲೊಂದು ಸೀಮೆಸುಣ್ಣದ ಗೆರೆ, ನಾಲ್ಕು ಕವಡೆ ಸಾಕು. ಕವಡೆಯಿಲ್ಲದಿದ್ದರೆ ಹುಣಿಸೆಬೀಜವಾದರೂ ಆದೀತು. ಬಡವನ ಮನೆಯಲ್ಲಿ ಈ ಆಟ ಹೇಗೆ ನಡೆದೀತೆಂಬ ಚಿಂತೆ ಅರಸರಿಗೆ ಬಂದಿರಲಾರದು. ಅವರ ಕಲ್ಪನೆಗೆ ಅಡ್ಡಿಯಾದದ್ದು ಬಡತನವಲ್ಲ, ಸಮೃದ್ಧಿ ಎಂದೇ ನನಗೆ ತೋರುತ್ತದೆ. ಆದರೂ ಎಲೆಯ ಮೇಲಣ ಚಿತ್ರಕಲೆ ಅಳಿಯಲಿಲ್ಲ. ಮೈಸೂರು ಗಂಜೀಫಕ್ಕೆ ಈಗ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ.

ಹಾಸಿನ ಆಟಗಳಲ್ಲಿ ದೇವೀಸಾಯುಜ್ಯವೆಂಬುದೊಂದು. ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ ಎಂಬ ನಾಲ್ಕು ಮುಕ್ತಿಗಳಲ್ಲಿ ಕಡೆಯದರ ಹೆಸರನ್ನು ಆಟಕ್ಕಿಟ್ಟರು. ನಾವು 'ಹಣ್ಣಾಯಿತು' ಎನ್ನುವುದನ್ನೇ ಅವರು ಶಾಸ್ತ್ರದ ಮಾತಿನಲ್ಲಿ ಹೇಳಿದರೆನ್ನಬಹುದು. 1861ರ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳನ್ನು ಬರೆಯಿಸಿದರು.

ಅವರ ಕೀರ್ತಿ ದೂರ ಹೋದದ್ದು ಮಾತ್ರ ಚದುರಂಗದ ಕುದುರೆಯೇರಿ. 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದಕ್ಕೂ ಎರಡು ಸಲ ಕಾಲಿಡದೆ ಕುದುರೆಯನ್ನು ನಡೆಸಬೇಕು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ಈ ನಡೆಯಂತೆ ಅಕ್ಷರ ಹೊಂದಿಸುವ ತುರಗಪದ ಬಂಧವಿದೆ. ಮಹಾರಾಜರು ಅಕ್ಷರದ ಎಡೆಯಲ್ಲಿ ಅಂಕಿಗಳನ್ನಿರಿಸಿದರು. ಕುದುರೆ ಹೊಕ್ಕ ಮೊದಲ ಮನೆಗೆ 1, ಮುಂದಿನದಕ್ಕೆ 2, ಹೀಗೆ 64ರವರೆಗೆ ಬರೆದರೆ, ಅಡ್ಡಸಾಲು ಎಂಟಕ್ಕೂ ನೀಟಸಾಲು ಎಂಟಕ್ಕೂ ಮೊತ್ತ 260! ಯೂರೋಪಿನಲ್ಲಿ ಇಂಥದೊಂದನ್ನು ವಿಲಿಯಂ ಬೆವರ್ಲಿ 1848ರಲ್ಲಿ ಪ್ರಕಟಿಸಿದ್ದ. ಹೆಚ್ಚುಕಡಮೆ ಅದೇ ಕಾಲದಲ್ಲಿ ಮೈಸೂರಿನ ಅರಸರೂ ಅದನ್ನು ಸಾಧಿಸಿದ್ದರು.

ಎರಡು ಕರ್ಣಗಳೂ 260 ಆಗಿಬಿಟ್ಟರೆ? ಅದಕ್ಕಾಗಿ ಗಣಿತಜ್ಞರು ನೂರೈವತ್ತು ವರ್ಷ ಹೆಣಗಿದರು. 2003ರಲ್ಲಿ ಗಣಕಯಂತ್ರಗಳಿಂದ ಎಲ್ಲ ದಾರಿಗಳನ್ನೂ ಶೋಧಿಸಿದಾಗ, ಸಾಲುಗಳಲ್ಲಿ 260 ಬರುವ ನಡೆಗಳು ಮೂಲತಃ 140 ಬಗೆಯವೆಂದೂ, ಕರ್ಣಗಳೆರಡೂ ಕೂಡಿಬರುವಂಥದು ಒಂದೂ ಇಲ್ಲವೆಂದೂ ತೀರ್ಮಾನವಾಯಿತು.